‘ಕುಜ’ ಪತ್ರಿಕೆಯ ಇಬ್ಬರು ಸಂಪಾದಕರು

ನಗಬಾರದ ಜಾಗದಲ್ಲೇ ನಗು ಬರುವಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ತಪ್ಪು ನನ್ನದಲ್ಲ, ‘ಕುಜ’ನದು.

‘ಕುಜ’ ಅಂದರೆ ನಮ್ಮ ಪತ್ರಿಕೆ. ವಿಜ್ಞಾನ ಕಥೆಗಳ ಹುಚ್ಚು ಹಿಡಿದವರು ಅದೇ ಹುಚ್ಚಿನವರಿಗಾಗಿ ಬರೆದು, ಝೆರಾಕ್ಸ್ ಮಾಡಿಸಿ, ಪಿನ್ ಹೊಡೆದು ಹಂಚುವ ಕನ್ನಡ ಪತ್ರಿಕೆ. ಸಂಪಾದಕರು ಇಬ್ಬರು. ಭಾಲ್ಕಿಯಿಂದ ಬಂದು ಮಹಾರಾಷ್ಟ್ರದ ಸಂಭಾಜಿನಗರದಲ್ಲಿ ನೆಲೆಸಿ, ಪಕ್ಕದ ಬಿಡಕಿನ್‌ನ ಕಾರ್ಖಾನೆಯೊಂದರ ಸ್ಟೋರಿನಲ್ಲಿ ದುಡಿಯುವ ನಾನೊಬ್ಬ. ನಾಸಿಕದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಹುಮನಾಬಾದಿನ ಹಿರಿಯರು ಇನ್ನೊಬ್ಬರು. ಅವರನ್ನು ನಾನು ಅಣ್ಣಾರು ಅನ್ನುತ್ತಿದ್ದೆ. ಮರಾಠಿ ಊರು, ಕನ್ನಡ ಪತ್ರಿಕೆ, ಅದರಲ್ಲಿ ಮಂಗಳ ಗ್ರಹದ ಕಥೆ! ಓದುವವರು ಸಿಕ್ಕರೆ ನಾವೇ ಚಹಾ ಕುಡಿಸುತ್ತಿದ್ದೆವು.

ಮನೆಗೆ ಬಂದ ಕುಜ

ಒಂದು ಭಾನುವಾರ ಕಲಬುರಗಿ ಕಡೆಯ ಬ್ಯಾಂಕ್ ನೌಕರರೊಬ್ಬರು ಮನೆ ಹುಡುಕಿಕೊಂಡು ಬಂದರು. ಕೈಯಲ್ಲಿ ನಮ್ಮ ಹೊಸ ಸಂಚಿಕೆ. ಓದುಗ ದೇವರು ಬಂದರೆಂದು ನಾನು ಕುರ್ಚಿ ಒರೆಸಿ ಕೊಟ್ಟೆ. ಅವರು ಚೀಲದಿಂದ ಮಗಳ ಜಾತಕ ತೆಗೆದರು.

“ಮೂರು ಸಂಬಂಧ ಮುರದಾವ್ರಿ. ಎಲ್ಲಾರೂ ಕುಜದೋಷ ಅಂತಾರ. ನೀವು ಕುಜನ ಮ್ಯಾಲೇ ಪುಸ್ತಕ ತಗೀತೀರಂತ, ಏನರ ಪರಿಹಾರ ಹೇಳ್ರಿ.”

ಆ ಮುಖ ನೋಡಿ ನನಗೆ ಸಂಕಟವಾಯಿತು. “ನಮ್ಮದು ಬರೇ ಕಥಿ ಅದರಿ. ಮನುಷ್ಯಾರು ಕುಜಗ್ರಹಕ್ಕ ಹ್ಯಾಂಗ ಹೋಗ್ತಾರಂತ ಬರೀತೀವಿ” ಅಂದೆ.

ಅವರು ಜಾತಕ ಮಡಚುತ್ತ ಅಂದರು: “ಹೋಗೋದು ಯಾಕ ಬೇಕ್ರಿ? ಅವನೇ ಬಂದು ನಮ್ಮ ಮನ್ಯಾಗ ಕುಂತಾನ. ಎಬ್ಬಿಸಿ ಕಳಸೂದಿದ್ದರ ಹೇಳ್ರಿ.”

ಝೆರಾಕ್ಸ್ ಅಂಗಡಿಯ ಪವಾಡ

ಅದೇ ವರ್ಷ ಅಣ್ಣಾರ ಎರಡೂ ಮೂತ್ರಪಿಂಡ ಕೈಕೊಟ್ಟವು. ವಾರದಲ್ಲಿ ಮೂರು ದಿನ ಡಯಾಲಿಸಿಸ್. ಅವರಿಗೆ ತಡಮಾಡದೆ ಸಂಚಿಕೆ ತಲುಪಿಸಬೇಕೆಂಬ ಗಡಿಬಿಡಿಯಲ್ಲಿ ಹಾಳೆಗಳನ್ನು ಝೆರಾಕ್ಸ್ ಅಂಗಡಿಯಲ್ಲೇ ಬಿಟ್ಟು ಡ್ಯೂಟಿಗೆ ಓಡಿದೆ. ಅಂಗಡಿಯವನಿಗೆ ಕನ್ನಡದ ಅಂಕಿ ಬರದು. ಪುಟಗಳನ್ನು ತನಗೆ ತೋಚಿದಂತೆ ಜೋಡಿಸಿ ಪಿನ್ ಹೊಡೆದಿದ್ದ. ಕಥೆಯ ನಾಯಕ ಮೊದಲ ಪುಟದಲ್ಲಿ ಸಾಯುತ್ತಾನೆ, ಮುಂದಿನ ಪುಟದಲ್ಲಿ ಎದ್ದು ಕೂತು ಮದುವೆಯಾಗುತ್ತಾನೆ.

ಅಣ್ಣಾರ ಪ್ರತಿ ಅಂಚೆಗೆ ಹಾಕಿದ ಮೇಲೆ ಇದು ನನ್ನ ಕಣ್ಣಿಗೆ ಬಿತ್ತು. ನಾಚಿಕೆಯಿಂದ ಅವರಿಗೆ ಫೋನ್ ಮಾಡಿದೆ. ಅವರು ಆಗಲೇ ಓದಿ ಮುಗಿಸಿದ್ದರು.

“ಇರ್ಲಿ ಬಿಡ್ರಿ” ಅಂದರು. “ನಮ್ಮ ಡಾಕ್ಟರಗಿಂತ ಆ ಝೆರಾಕ್ಸ್‌ನವ ಛಲೋ ಇದ್ದಾನ. ಪುಟ ತಿರುವೂದರಾಗ ಸತ್ತವನ್ನ ಎಬ್ಬಿಸ್ಯಾನ. ಅವನ ವಿಳಾಸ ಕೊಡ್ರಿ.”

ಕ್ಯಾಪ್ಟನ್ ಹೋದ

ಡಯಾಲಿಸಿಸ್ ನಡೆಯುವಾಗ ಕೈಗೆ ಸೂಜಿ ಚುಚ್ಚಿರುತ್ತಾರೆ, ಬರೆಯಲು ಬರುವುದಿಲ್ಲ. ಹಾಗಾಗಿ ಅಣ್ಣಾರು ಮಂಚದ ಮೇಲಿಂದಲೇ ಫೋನಿನಲ್ಲಿ ಕಥೆ ಹೇಳುತ್ತಿದ್ದರು, ನಾನು ಸ್ಟೋರಿನ ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಅವತ್ತು ಕೆಟ್ಟುಹೋದ ನೌಕೆಯೊಳಗೆ ಸಿಕ್ಕಿಬಿದ್ದ ಕ್ಯಾಪ್ಟನ್ನನ ಕೊನೆಯ ಮಾತು.

“ನನ್ನ ದಾರಿ ನೋಡಬ್ಯಾಡ್ರಿ... ನನ್ನ ಉಸಿರು ಮುಗೀಲಾಕ ಬಂತು... ನನ್ನ ಹೆಂಡತಿಗಿ ಹೇಳ್ರಿ...”

ಒಮ್ಮೆಲೇ ಅತ್ತ ಕಡೆ ಹೆಣ್ಣೊಬ್ಬಳ ಚೀರಾಟ. ಪಕ್ಕದ ಮಂಚದಲ್ಲಿ ಗಾರೆ ಕೆಲಸಕ್ಕೆ ಬಂದ ಅಫಜಲಪುರ ಕಡೆಯ ಗೌಂಡಿ ಮಲಗಿದ್ದ. ಅವನಿಗೂ ಅದೇ ರೋಗ. ಅವನ ಹೆಂಡತಿಗೆ ಕನ್ನಡ ತಿಳಿಯಿತಲ್ಲ, ಅಣ್ಣಾರೇ ಪ್ರಾಣ ಬಿಡುತ್ತಿದ್ದಾರೆ ಅಂದುಕೊಂಡು, “ಸಿಸ್ಟರ್, ಅಜ್ಜಾ ಜಾ ರಹಾ ಹೈ!” ಎಂದು ಕೂಗಿಕೊಂಡು ಓಡಿದಳು. ನರ್ಸು ಬಂದರು, ಡಾಕ್ಟರು ಬಂದರು. “ತಡೀರಿ, ಇನ್ನಾ ಎರಡು ಸಾಲು ಅದಾವ!” ಅಂತ ಅಣ್ಣಾರು ಅಂದದ್ದು ಕೇಳಿಸಿತು, ಫೋನ್ ಕಟ್ಟಾಯಿತು. ನಾನು ನಟ್ಟು-ಬೋಲ್ಟುಗಳ ನಡುವೆ ಮತ್ತೆ ಮತ್ತೆ ಫೋನ್ ಹಚ್ಚುತ್ತ ಕೂತೆ.

ಬಹಳ ಹೊತ್ತಿನ ಮೇಲೆ ಅವರದೇ ಫೋನ್. “ಬರಕೋರಿ. ಕ್ಯಾಪ್ಟನ್ ಬದುಕಿದ.”

“ಅಣ್ಣಾರ, ಕಥಿ ಕೆಡ್ತದ. ಅವ ಸಾಯ್ಬೇಕಲ್ಲರಿ?”

“ನನಗೂ ಗೊತ್ತದರಿ. ಆದ್ರ ಆ ಹೆಣ್ಮಗಳು ಬಂದು, ‘ಯಪ್ಪಾ, ಮುಂದ ಅವ ಉಳದನೋ ಇಲ್ಲೋ?’ ಅಂತ ಕೇಳಿದಳು. ಆಕಿ ಗಂಡ ನನ್ನ ಬಾಯೇ ನೋಡ್ಲಾಕ ಹತ್ತಿದ್ದ. ನೀವಿದ್ದರ ಏನ ಹೇಳತಿದ್ದಿರಿ?”

ಕೆಟ್ಟ ಕಥೆಯನ್ನೇ ಅಚ್ಚು ಮಾಡಿದೆವು.

ಮಗನ ಕರೆ

ಆ ಸಂಚಿಕೆ ಕೈಗೆ ಬರುವ ಮೊದಲೇ ಅಣ್ಣಾರು ಹೋದರು. ಸುದ್ದಿ ತಿಳಿದು ಸಿಕ್ಕ ಬಸ್ಸು ಹತ್ತಿ ನಾಸಿಕಕ್ಕೆ ಹೋದೆ. ವಿಭೂತಿ ಹಚ್ಚಿ, ಬಿಲ್ವಪತ್ರಿ ತುಂಬಿ, ಕೂಡಿಸಿ ಮಣ್ಣು ಮಾಡಿ ಬಂದು ಮನೆಯ ಅಂಗಳದಲ್ಲಿ ಕೂತೆವು. ಅಣ್ಣಾರ ಹೆಂಡತಿ, ನಮ್ಮ ವೈನಿಯವರು ಅತ್ತಿರಲಿಲ್ಲ, ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಗೋಡೆಗೆ ಒರಗಿ ಒಂದೇ ಕಡೆ ನೋಡುತ್ತಿದ್ದರು. ಎಲ್ಲರಿಗೂ ಅವರದೇ ಚಿಂತೆ.

ಊರಿಂದ ಬಂದ ಹಿರಿಯರು ಏಳುವ ಹೊತ್ತಿಗೆ ಕ್ರಿಯೆ ಮಾಡಿಸಿದ ಸ್ವಾಮಿಗಳು ಅಣ್ಣಾರ ಮಗನಿಗೆ ಅಂದರು: “ನಾಡಿದ್ದು ಮಣ್ಣು ಮಾಡಿದಲ್ಲಿ ಹಾಲು-ತುಪ್ಪ ಎರೀಲಾಕ ಎಲ್ಲಾರನೂ ಕರೀಪಾ. ಕನ್ನಡದಾಗ ಕರಿ.”

ಮಗ ನಾಸಿಕದಲ್ಲೇ ಬೆಳೆದವರು. ಕನ್ನಡ ಕೇಳಿದರೆ ತಿಳಿಯುತ್ತದೆ, ನಾಲಿಗೆ ಮಾತ್ರ ಮರಾಠಿಯದು. ಕೈ ಮುಗಿದು ಎದ್ದು ನಿಂತರು. ಒಂದೊಂದೇ ಶಬ್ದ ಹುಡುಕಿ, ಭಕ್ತಿಯಿಂದ ಹೇಳಿದರು:

“ನಮ್ಮ ಬಾಬಾ ಎಲ್ಲಿ ಹೋಗ್ಯಾರ, ನೀವು ಎಲ್ಲಾರೂ ಅಲ್ಲೇ ಬರ್ರಿ. ವಯಸ್ಸಾದವರು ಪಹಿಲೇ... ಮೊದಲ ಬರ್ರಿ, ನಾನು ಗಾಡಿ ಕಳಸ್ತೀನಿ. ಒಬ್ಬರೂ ಉಳೀಬಾರ್ದು.”

ಮುಂದಿನ ಸಾಲಿನ ಮುದುಕರೊಬ್ಬರು ಮೆಲ್ಲಗೆ ಹಿಂದಕ್ಕೆ ಸರಿದು ಕೂತರು. ಸ್ವಾಮಿಗಳು ಆಕಾಶ ನೋಡಿದರು.

ಗೋಡೆಯ ಕಡೆಯಿಂದ ಏನೋ ಸದ್ದು. ನೋಡಿದರೆ ವೈನಿಯವರು ಸೆರಗು ಬಾಯಿಗೆ ಒತ್ತಿ ಹಿಡಿದು ನಗುತ್ತಿದ್ದಾರೆ, ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿದೆ. ಉಸಿರು ಹಿಡಿದುಕೊಂಡು ನನ್ನ ಕಡೆ ತಿರುಗಿ ಕೇಳಿದರು:

“ಅಯ್ಯ ಶಿವನ! ಇವನೂ ಕಥಿ ಬರೀಲಾಕ ಶುರು ಮಾಡ್ಯಾನೇನ್ರಿ?”