ಅಜ್ಜಿಯ ಎಳ್ಳಮಾವಾಸ್ಯೆ

ಐಶ್ವರ್ಯ ಪ್ರಬಂಧವನ್ನು ತಾನೇ ಬರೆದದ್ದೇ ತಪ್ಪಾಯಿತು.

ತಮ್ಮ ಮನೆಯ ಎಳ್ಳಮಾವಾಸ್ಯೆಯ ಬಗ್ಗೆ ಬರೆಯಬೇಕಿತ್ತು. ಹೂವಿನ ಹಿಪ್ಪರಗಿಯ ಹೊಲದಲ್ಲಿ ಅಜ್ಜಿ ಬಾಳಮ್ಮ ಸಜ್ಜೆಯ ಕಡುಬು, ಪುಂಡಿಪಲ್ಯ ಕಲಸಿ, ಭೂತಾಯಿಗೆ ನೈವೇದ್ಯವೆಂದು ಬೆಳೆಗೆ ಚರಗ ಚೆಲ್ಲುವುದನ್ನು ಕಂಡಂತೆ ಬರೆದು, ತಿದ್ದಿ, ಮುದ್ದೇಬಿಹಾಳದ ಕಾಲೇಜಿಗೆ ತಂದಿದ್ದಳು. ಕನ್ನಡದ ಬಸಂತರಾಯ ಸರ್, ಬರೆದದ್ದು ಮನುಷ್ಯರೋ ಯಂತ್ರವೋ ಎಂದು ಹೇಳುವ ಫೋನಿನ ಆ್ಯಪ್‌ನಲ್ಲಿ ಅದರ ಫೋಟೋ ತೆಗೆದರು. ಬರೆದದ್ದು ಯಂತ್ರ ಎಂದಿತು ಫೋನು.

"ನಾನೇ ಬರ್ದೇನ್ರಿ ಸರ್."

"ಒಂದೂ ತಪ್ಪಿಲ್ಲವ್ವಾ. ಇಂಥಾ ಕನ್ನಡ ನಾನೇ ಬರಿಯಂಗಿಲ್ಲ. ಸಂಜಿಯೊಳಗ ಸ್ವಂತದ್ದು ಕೊಡು, ಇಲ್ಲಂದ್ರ ಪರೀಕ್ಷಾಕ್ಕ ಕೂಡಸಂಗಿಲ್ಲ."

ಗೆಳತಿ ಅಬಿದಾ, "ನೀನ ನಾಕು ತಪ್ಪು ಹಾಕು" ಎಂದಳು. ಐಶ್ವರ್ಯ ಹಾಕಿದಳು, ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಹಾಗೆ. ಯಂತ್ರ ಬೇಕಂತಲೇ ತಪ್ಪು ಮಾಡೈತಿ ಎಂದರು ಸರ್.

ಝೆರಾಕ್ಸ್ ಅಂಗಡಿಯ ಯುನೂಸ ಕನಿಕರದಿಂದ ತನ್ನ ಫೋನು ತೆಗೆದ. "ಯಂತ್ರಕ್ಕ ಯಂತ್ರಾನ ಮದ್ದು, ತಂಗಿ. ಮನುಷ್ಯಾರಂಗ ಬರಿ ಅಂತ ಹೇಳೂಣು."

ಫೋನು ಬರೆಯಿತು: ಅಜ್ಜಿ ಜೋಳದ ದಂಟಿನ ಕಿರೀಟ ತೊಟ್ಟು ಬದುವಿನ ಮೇಲೆ ಕುಣಿದಳು, ಅವಳ ಗೆಜ್ಜೆಗೆ ಎತ್ತುಗಳು ತಲೆದೂಗಿದವು.

"ನಮ್ಮಜ್ಜಿ ಕುಣಿಯಂಗಿಲ್ಲ, ಅಣ್ಣಾ."

"ಪಾಸಾಗಬೇಕಾದಾಕಿ ನಿಮ್ಮಜ್ಜಿಯೇನು, ನೀನೇನು?"

ಐಶ್ವರ್ಯ ಕಣ್ಣೊರೆಸಿಕೊಂಡು ಆ ಸುಳ್ಳನ್ನೆಲ್ಲ ದುಂಡಗೆ ನಕಲು ಮಾಡಿದಳು. ತಾನು ಕಂಡದ್ದನ್ನು ಬರೆದ ಹಾಳೆ ಯುನೂಸನ ಕಸದ ಡಬ್ಬಿ ಸೇರಿತು.

ಈ ಸಲ ಸರ್ ಅವರ ಫೋನು, ಮನುಷ್ಯರದ್ದೇ ಎಂದಿತು. ಸರ್ ಓದಿ ಕನ್ನಡಕ ತೆಗೆದರು. ಅವರ ಕಣ್ಣು ತುಂಬಿತ್ತು.

"ಇದು ನೋಡವ್ವಾ, ಖರೇ ಬರವಣಿಗಿ. ನಿಮ್ಮಜ್ಜಿ ಗೆಜ್ಜಿ ಸಪ್ಪಳ ಯಂತ್ರಕ್ಕ ಹೆಂಗ ಗೊತ್ತಾಗಬೇಕು?"

ಐಶ್ವರ್ಯ ಕೈಮುಗಿದು ಹೊರಟಳು. ಸರ್ ಮತ್ತೆ ಕರೆದರು.

"ನಾಳೆ ಎಳ್ಳಮಾಸಿ ಅಲ್ಲೇನು? ಇಡೀ ಕ್ಲಾಸು ನಿಮ್ಮ ಹೊಲಕ್ಕ ಬರ್ತೇವಿ. ಅಜ್ಜಿ ಕುಣಿಯೂದು ವಿಡಿಯೋ ಮಾಡಿ ಪ್ರಬಂಧದ ಜೋಡಿ ಇಡೂಣು. ಆಮ್ಯಾಲ ಮಾರ್ಕ್ಸ್ ಹಾಕ್ತೇನಿ."

ಮನೆಗೆ ಬಂದಾಗ ಬಾಳಮ್ಮ ಗೋಡೆಗೆ ಒರಗಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಐಶ್ವರ್ಯ ಎಣ್ಣೆಯ ಬಟ್ಟಲು ಕಸಿದುಕೊಂಡು ತಾನೇ ತಿಕ್ಕತೊಡಗಿದಳು.

"ಇವತ್ತೇನವ್ವಾ, ಭಾಳ ಪ್ರೀತಿ?"

ಐಶ್ವರ್ಯ ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡಳು.

"ಅಜ್ಜಿ, ನಿನಗ ಒಂದೀಟು ಕುಣಿಯಾಕ ಬರ್ತೈತೇನು?"