ಎಲ್ಲಿಗೆ ಎಂದು ಕೇಳಬಾರದು

ಭುಜಬಲಿ: ಎನಿಮಾ. ಇನ್ನು ಮಾತಿಲ್ಲ. ಹತ್ತೂವರೆಯ ಬಸ್ಸಿಗೆ ಮೂಡುಬಿದಿರೆಗೆ ಕರ್ಕೊಂಡು ಹೋಗಿ ಡಾಕ್ಟ್ರ ಕೈಯಲ್ಲಿ ಕೊಡಿಸ್ತೇನೆ.

ಅನಂತಮತಿ: ಕೊಡಿಸಿ. ಮೊನ್ನೆ ಹರಳೆಣ್ಣೆ ಕೊಡಿಸಿದಿರಿ. ಅದು ಹೋದ ದಾರಿಯಲ್ಲೇ ತಿರುಗಿ ಬಂತು, ನಿಮ್ಮ ಹೊಸ ಪಂಚೆಯ ಮೇಲೆ. ಇನ್ನು ಡಾಕ್ಟ್ರ ಪ್ಯಾಂಟು ಒಂದು ಬಾಕಿ ಉಂಟು.

ಪ್ರಭಾವತಿ: ಅಮ್ಮ, ನಿಮಗೆ ತಮಾಷೆಯಾ? ಮಗುವಿಗೆ ಇವತ್ತಿಗೆ ಐದು ದಿವಸ. ಹೊಟ್ಟೆ ಮುಟ್ಟಿದರೆ ಮದ್ದಳೆಯ ಹಾಗೆ ಉಂಟು.

ಭುಜಬಲಿ: ಯಾರ ಗುಣ ಬಂದದ್ದೋ ಇವಳಿಗೆ! ನನ್ನನ್ನು ನೋಡಿ. ಬೆಳಿಗ್ಗೆ ಐದೂವರೆ ಅಂದರೆ ಐದೂವರೆ. ನಲವತ್ತು ವರ್ಷದಿಂದ ಒಂದು ದಿವಸ ತಪ್ಪಿದ್ದಿಲ್ಲ, ಒಂದು ದಿವಸ ಎರಡನೇ ಸಲ ಹೋದದ್ದಿಲ್ಲ.

ಅನಂತಮತಿ: ಹೌದಪ್ಪ. ಅದಕ್ಕೊಂದು ಸನ್ಮಾನ ಇಟ್ಟುಕೊಳ್ಳುವ. ಹಾರ ಎಲ್ಲಿಗೆ ಹಾಕಬೇಕು ಅಂತ ಮಾತ್ರ ಗೊತ್ತಾಗುವುದಿಲ್ಲ.

ಭುಜಬಲಿ ಪಡಿವಾಳರು ಕೋಟಿನ ಗುಂಡಿ ಹಾಕಿಕೊಂಡರು. ವೇಣೂರಿನಲ್ಲಿ ಬಸ್ಸು ನಿಲ್ಲುವ ಮಾವಿನಮರದ ಎದುರಿಗೇ ಅವರ ಮನೆ. ಅಳಿಯ ವಿಮಲಕುಮಾರನಿಗೆ ವಿಟ್ಲದ ಶಾಲೆಗೆ ವರ್ಗವಾಗಿ, ಅಲ್ಲಿ ಸರಿಯಾದ ಮನೆ ಸಿಕ್ಕದೆ, ಮಗಳು ಪ್ರಭಾವತಿ ಆರು ವರ್ಷದ ವಿನೋದಾಳನ್ನು ಕರೆದುಕೊಂಡು ತವರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಬಂದ ಎರಡನೆಯ ವಾರದಿಂದಲೇ ಮಗುವಿಗೆ ಈ ಕಷ್ಟ ಶುರು. ಅನಂತಮತಿಯಮ್ಮನಿಗೆ ಓದುಬರಹ ಬಾರದು. ಆದರೆ ಅಡಿಗೆಮನೆಯ ಗೋಡೆಯಲ್ಲಿ ಮಸಿಯ ಕೊಳ್ಳಿಯಿಂದ ದಿನಕ್ಕೊಂದು ಗುರುತು ಹಾಕುವುದನ್ನು ಅವರು ಮರೆತವರಲ್ಲ. ಆಗದ ದಿವಸಕ್ಕೆ ಒಂದು ಗೀಟು, ಆದ ದಿವಸಕ್ಕೆ ಒಂದು ಸೊನ್ನೆ. ಈಗ ಗೋಡೆಯ ತುಂಬ ಗೀಟುಗಳು ಬೇಲಿ ಹಾಕಿದ ಹಾಗೆ ನಿಂತಿದ್ದವು. ನಡುವೆ ಅಲ್ಲೊಂದು ಇಲ್ಲೊಂದು ಸೊನ್ನೆ; ಒಂದೇ ಕಡೆ ಮಾತ್ರ ಆರು ಸೊನ್ನೆಗಳು ಒತ್ತಾಗಿ ಕೂತಿದ್ದವು.

ಪ್ರಭಾವತಿ: ಅದು ಅಳದಂಗಡಿಯ ಮದುವೆಗೆ ಹೋದಾಗಿನದ್ದು. ಆರು ದಿವಸವೂ ಆಯಿತಲ್ಲ ಅಲ್ಲಿ!

ಭುಜಬಲಿ: ಅಲ್ಲಿನ ಬಾವಿಯ ನೀರು ಅಂಥದ್ದು.

ಪ್ರಭಾವತಿ: ನೀರಲ್ಲ, ಮದುವೆಮನೆಯ ಪಾಯಸ.

ಅನಂತಮತಿ: ಬಾವಿಯನ್ನು ಇಲ್ಲಿಗೆ ತರಲಿಕ್ಕೆ ಆಗುವುದಿಲ್ಲ, ಮದುವೆ ದಿನಾ ಮಾಡಲಿಕ್ಕೆ ಆಗುವುದಿಲ್ಲ. ಬೇರೆ ಎಂತಾದರೂ ಯೋಚನೆ ಮಾಡಿ.

ಭುಜಬಲಿ: ಧರ್ಣಪ್ಪ ಪಂಡಿತರು ಚೂರ್ಣ ಕೊಟ್ಟಿದ್ದರಲ್ಲ, ಅದನ್ನು ನೀನು ಸರಿಯಾಗಿ ಕೊಡಲಿಲ್ಲ.

ಅನಂತಮತಿ: ಅವರು ಜೇನಿನಲ್ಲಿ ಕಲಸಿ ಕೊಡಿ ಅಂದರು. ಬಸದಿಗೆ ಹೋಗುವ ಮನೆಯಲ್ಲಿ ಜೇನು ಎಲ್ಲಿಂದ ಬರ್ತದೆ? ಬೆಲ್ಲದಲ್ಲಿ ಕಲಸಿ ಅಂತ ಹೇಳಿದ್ದು ನೀವು. ಮಗು ಬೆಲ್ಲ ನೆಕ್ಕಿ ಚೂರ್ಣವನ್ನು ತುಳಸಿಕಟ್ಟೆಗೆ ಉಗಿಯಿತು. ಈಗ ತುಳಸಿಗೆ ಒಳ್ಳೆ ಆರೋಗ್ಯ ಉಂಟು.

ಅಷ್ಟರಲ್ಲಿ ಒಳಗಿನಿಂದ ವಿನೋದಾ ಬಂದಳು. ಕೈಯಲ್ಲಿ ಚೆಂಬು. ತುಟಿ ಕಚ್ಚಿಕೊಂಡು, ಯಾರನ್ನೂ ನೋಡದೆ, ಹಿತ್ತಿಲ ಬಾಗಿಲಿನ ಕಡೆಗೆ ಬೇಗ ಬೇಗ ಹೆಜ್ಜೆ ಹಾಕಿದಳು. ಅಂಗಳ ದಾಟಿ, ದನದ ಹಟ್ಟಿ ದಾಟಿದರೆ ಆಚೆಗೆ ಕಕ್ಕಸು; ಬ್ಲಾಕ್ ಆಫೀಸಿನವರು ಬಂದು ಭಾಷಣ ಮಾಡಿ ಹೋದ ಮೇಲೆ ಪಡಿವಾಳರು ಹೊಸತಾಗಿ ಕಟ್ಟಿಸಿದ್ದು. ಚೆಂಬು ಕಂಡದ್ದೇ ತಡ, ಮೂವರ ಮುಖವೂ ಅರಳಿತು. ಮೂವರ ಬಾಯಿಯೂ ಒಂದೇ ಸಲ ತೆರೆಯಿತು.

— ಎಲ್ಲಿಗೆ ಮಗಾ?

ವಿನೋದಾ ಹೊಸ್ತಿಲಲ್ಲಿ ನಿಂತಳು. ಕಣ್ಣಲ್ಲಿ ನೀರು ಬಂತು. ಚೆಂಬನ್ನು ಕೆಳಗಿಟ್ಟು ತಿರುಗಿ ಬಂದು, ಚಾವಡಿಯ ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತಳು. ಪಕ್ಕದಲ್ಲಿದ್ದ ಲೋಟದಿಂದ ಒಂದು ಗುಟುಕು ನೀರು ಕುಡಿದಳು.

ಪ್ರಭಾವತಿ: ನೋಡಿದಿರಾ? ದಿನಾ ಇದೇ ಕಥೆ! ಹೊರಡುವುದು, ತಿರುಗಿ ಬಂದು ಕೂತುಕೊಳ್ಳುವುದು. ಹಟ, ಬರೇ ಹಟ. ಅವಳ ಅಪ್ಪನ ಹಾಗೆ.

ಭುಜಬಲಿ: ಹಾಗಾದರೆ ಎನಿಮಾವನ್ನು ಅವಳ ಅಪ್ಪನಿಗೆ ಕೊಡಿಸಬೇಕಿತ್ತು. ಏಳು ಮಗಾ, ಬಸ್ಸಿಗೆ ಹೊತ್ತಾಯಿತು.

ವಿನೋದಾ: ನಾನು ಬರುವುದಿಲ್ಲ.

ಭುಜಬಲಿ: ಮೂಡುಬಿದಿರೆಯಲ್ಲಿ ಮಿಠಾಯಿ ತೆಗೆದುಕೊಡ್ತೇನೆ.

ವಿನೋದಾ: ಮಿಠಾಯಿ ತೆಗೆದುಕೊಡ್ತೇನೆ ಅಂತ ಹೇಳಿಯೇ ಹರಳೆಣ್ಣೆ ಕುಡಿಸಿದ್ದು.

ಅನಂತಮತಿ: ಅಜ್ಜನ ಮಾತು ಮಗುವಿಗೆ ಚೆನ್ನಾಗಿ ನೆನಪು ಉಳಿತದೆ.

ಆ ಮಾತು ಆಡಿದ್ದು ತಮಾಷೆಗೆ. ಅದರೊಳಗೆ ಇದ್ದದ್ದು ಏನೆಂದು ಅನಂತಮತಿಯಮ್ಮನಿಗೇ ಆಗ ತಿಳಿದಿರಲಿಲ್ಲ.

ಪಡಿವಾಳರು ಕೊಡೆ ತೆಗೆದುಕೊಂಡು, ಬಸ್ಸು ಬಂತೇ ಎಂದು ನೋಡಲು ಮೆಟ್ಟಿಲಿಳಿದರು. ಎದುರಿನಿಂದ ಟಪಾಲಿನ ಚೀಲ ಹಾಕಿಕೊಂಡು ಪೋಸ್ಟ್‌ಮ್ಯಾನ್ ಕಮಲಾಕ್ಷ ಬಂದ. ಕೈಯಲ್ಲಿ ಒಂದು ಕಾರ್ಡು.

ಕಮಲಾಕ್ಷ: ಎಲ್ಲಿಗೆ ಧನಿಗಳೇ, ಕೋಟು ಹಾಕಿಕೊಂಡು?

ಪಡಿವಾಳರ ಮುಖ ಬಾಡಿತು. ಹಿಂದಕ್ಕೆ ತಿರುಗಿ ಮೆಟ್ಟಿಲು ಹತ್ತಿ, ಕೊಡೆಯನ್ನು ಕಂಬಕ್ಕೆ ಒರಗಿಸಿ, ಬೆಂಚಿನ ಮೇಲೆ ಮೊಮ್ಮಗಳ ಪಕ್ಕದಲ್ಲಿ ಕೂತರು.

ಭುಜಬಲಿ: ಹೊರಡುವಾಗ ಎಲ್ಲಿಗೆ ಅಂತ ಕೇಳಬಾರದು ಅಂತ ಎಷ್ಟು ಸಲ ಹೇಳಿದ್ದೇನೆ ಮಾರಾಯ ನಿನಗೆ! ಹೋದ ಕೆಲಸ ಆಗ್ತದಾ ಇನ್ನು? ನೀರು ಕೊಡು ಇಲ್ಲಿ.

ಅನಂತಮತಿ: ಬಸ್ಸಿನ ಕಂಡಕ್ಟರ್ ಎಲ್ಲಿಗೆ ಅಂತ ಕೇಳ್ತಾನಲ್ಲ, ಆಗ ತಿರುಗಿ ಬಂದು ನೀರು ಕುಡಿಯುವುದಿಲ್ಲವಾ?

ಭುಜಬಲಿ: ಅವನು ಬಾಯಿ ತೆಗೆಯುವ ಮೊದಲೇ ನಾನು ‘ಮೂಡುಬಿದಿರೆ ಒಂದು’ ಅಂತ ಹೇಳ್ತೇನೆ. ನಾನೇನು ಬೋಳೆಯಾ, ಬುದ್ಧಿ ಇಲ್ಲದವನಾ?

ಪ್ರಭಾವತಿ: ಕಾರ್ಡು ಯಾರದ್ದು ಕಮಲಾಕ್ಷ?

ಕಮಲಾಕ್ಷ: ವಿಟ್ಲದ ಮಾಸ್ತ್ರದ್ದು ಅಕ್ಕ. ಈ ವಾರವಾದರೂ ಆಯಿತಾ ಅಂತ ಕೇಳಿದ್ದಾರೆ.

ಪ್ರಭಾವತಿ: ಕಾರ್ಡು ಓದುವುದು ಸಹ ನಿಮ್ಮ ಕೆಲಸವಾ?

ಕಮಲಾಕ್ಷ: ನಾನು ವಿಳಾಸದ ಬದಿಯೇ ನೋಡುವುದು ಅಕ್ಕ. ಗಾಳಿಗೆ ಮಗುಚಿ ಬೀಳ್ತದೆ. ಪೇಟೆಯಲ್ಲಿ ಎಲ್ಲರೂ ಕೇಳ್ತಾರೆ ಪಾಪ, ಮಗುವಿನ ಮೇಲೆ ಅಷ್ಟು ಪ್ರೀತಿ.

ಅನಂತಮತಿಯಮ್ಮ ಈ ಮಾತುಗಳನ್ನು ಕೇಳುತ್ತಿರಲಿಲ್ಲ. ಗಂಡನಿಗೆ ಲೋಟ ಕೊಟ್ಟವರು ಬೆಂಚಿನ ಎದುರಲ್ಲೇ ನಿಂತುಬಿಟ್ಟಿದ್ದರು. ಬೆಂಚಿನಲ್ಲಿ ಅಜ್ಜ, ಪಕ್ಕದಲ್ಲಿ ಮೊಮ್ಮಗಳು. ಇಬ್ಬರದೂ ಒಂದೇ ಜೋಲುಮುಖ. ಇಬ್ಬರ ಕೈಯಲ್ಲೂ ಒಂದೊಂದು ಲೋಟ. ಅಜ್ಜ ಒಂದು ಗುಟುಕು ಕುಡಿದರು. ಮೊಮ್ಮಗಳು ಒಂದು ಗುಟುಕು ಕುಡಿದಳು.

ಅನಂತಮತಿ: ಮಗಾ, ನೀನು ಯಾಕೆ ತಿರುಗಿ ಬಂದದ್ದು?

ವಿನೋದಾ: ನೀವು ಎಲ್ಲಿಗೆ ಅಂತ ಕೇಳಿದಿರಲ್ಲ.

ಪ್ರಭಾವತಿ ಹಣೆ ಚಚ್ಚಿಕೊಂಡಳು.

ಪ್ರಭಾವತಿ: ದೇವರೇ!

ಅನಂತಮತಿ: ಸರಿ, ಬಂದೆ, ಕೂತೆ, ನೀರು ಕುಡಿದೆ. ಇನ್ನು ಹೋಗಬಹುದಲ್ಲ?

ವಿನೋದಾ: ಮೂರು ಸಲ ಕೇಳಿದರೆ ಆ ದಿವಸ ಹೋಗಲೇಬಾರದು ಅಂತ ಅಜ್ಜ ಹೇಳಿದ್ದಾರೆ.

ಪ್ರಭಾವತಿ: ನಾವು ಕೇಳಿದ್ದು ಒಂದೇ ಸಲ ಅಲ್ಲವಾ?

ವಿನೋದಾ: ಮೂರು ಜನ ಕೇಳಿದಿರಿ. ಮೂರಾಯಿತು. ಇವತ್ತಿನದ್ದು ಮುಗಿಯಿತು.

ಅನಂತಮತಿ: ಕೇಳಿದಿರಾ ಇವರೇ? ನಾಲ್ಕು ತಿಂಗಳಿಂದ ನಾವು ಮೂವರು ಬೆಳಿಗ್ಗೆ ಎದ್ದು, ಹಲ್ಲುಜ್ಜಿ, ಒಟ್ಟಿಗೆ ಬಾಯಿ ತೆಗೆದು ಮಗುವಿನ ಬಾಗಿಲಿಗೆ ಅಗುಳಿ ಹಾಕ್ತಾ ಇದ್ದೇವೆ. ಆಮೇಲೆ ಹರಳೆಣ್ಣೆ ಹಿಡಿದುಕೊಂಡು ಓಡುವುದು. ಅಳದಂಗಡಿಯಲ್ಲಿ ಮದುವೆಯ ಗಡಿಬಿಡಿ, ಇವಳನ್ನು ಕೇಳುವವರೇ ಇರಲಿಲ್ಲ. ಬಾವಿಯ ನೀರಂತೆ! ಪಾಯಸವಂತೆ!

ಭುಜಬಲಿ: ಅದು... ಮಗಾ, ಅದು ದೂರ ಹೋಗುವಾಗ ಮಾತ್ರ.

ವಿನೋದಾ: ಕಕ್ಕಸು ದೂರವೇ. ಹಟ್ಟಿ ದಾಟಬೇಕು.

ಭುಜಬಲಿ: ಒಳ್ಳೆ ಕೆಲಸಕ್ಕೆ ಹೋಗುವಾಗ ಮಾತ್ರ.

ಅನಂತಮತಿ: ಈ ಮನೆಯಲ್ಲಿ ಅದಕ್ಕಿಂತ ಒಳ್ಳೆ ಕೆಲಸ ಬೇರೆ ಯಾವುದು ಬಾಕಿ ಉಂಟು?

ಭುಜಬಲಿ: ನೀನು ಸುಮ್ಮನಿರು ಮಾರಾಯ್ತಿ. ಮಗಾ, ಅಜ್ಜ ಹೇಳ್ತೇನೆ, ನೀನು ಹೋಗು. ಏನೂ ಆಗುವುದಿಲ್ಲ.

ವಿನೋದಾ ತಲೆ ಅಲ್ಲಾಡಿಸಿದಳು.

ವಿನೋದಾ: ಒಂದು ಸಲ ನೀವು ತಿರುಗಿ ಬರದೆ ಹೋದದ್ದಕ್ಕೆ ಬಸ್ಸು ಹೊಂಡಕ್ಕೆ ಬಿತ್ತು ಅಂತ ನೀವೇ ಹೇಳಿದ್ದಲ್ಲವಾ? ನಾನು ತಿರುಗಿ ಬರದಿದ್ದರೆ ಗುಂಡಿಗೆ ಬೀಳ್ತೇನೆ. ಅಲ್ಲಿ ಗುಂಡಿ ಉಂಟು. ನಾನು ನೋಡಿದ್ದೇನೆ.

ಬಸ್ಸು ಹೊಂಡಕ್ಕೆ ಬಿದ್ದ ಕಥೆಯನ್ನು ಪಡಿವಾಳರು ಪೇಟೆಯಲ್ಲಿ ನೂರು ಸಲ ಹೇಳಿದ್ದರು. ಹೇಳಿದಷ್ಟು ಸಲ ಹೊಂಡವೂ ಒಂದೊಂದು ಮೊಳ ಆಳವಾಗಿತ್ತು. ಅದಕ್ಕೆ ಇಷ್ಟು ಸಣ್ಣವಳೊಬ್ಬಳು ಬಿದ್ದು ನಾಲ್ಕು ತಿಂಗಳಿಂದ ಮೇಲೆ ಬರಲಾಗದೆ ಇದ್ದಾಳೆ ಎಂದು ಅವರಿಗೆ ಗೊತ್ತಿರಲಿಲ್ಲ.

ಮರದಡಿಯಲ್ಲಿ ಬಸ್ಸು ಬಂದು ನಿಂತು ಹಾರ್ನ್ ಹಾಕಿತು.

ಪ್ರಭಾವತಿ: ಅಪ್ಪ, ಬಸ್ಸು! ಎನಿಮಾ?

ಪಡಿವಾಳರು ಬಸ್ಸಿನ ಕಡೆ ನೋಡಲಿಲ್ಲ. ಕೋಟು ಬಿಚ್ಚಿ ಮಗಳ ಕೈಗೆ ಕೊಟ್ಟರು. ಹೊಸ್ತಿಲಲ್ಲಿದ್ದ ಚೆಂಬನ್ನು ಎತ್ತಿಕೊಂಡರು. ಮೊಮ್ಮಗಳ ಎದುರಿನಿಂದಲೇ, ಬೇಕೆಂದು ಕೆಮ್ಮುತ್ತ, ನಿಧಾನವಾಗಿ ಹಿತ್ತಿಲಿಗೆ ಇಳಿದರು.

ವಿನೋದಾ: ಅಜ್ಜಾ, ಎಲ್ಲಿಗೆ?

ಕೇಳಿದ ಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಪಡಿವಾಳರು ಅಂಗಳದ ನಡುವೆ ನಿಂತರು. ಅವರ ಎಡಗಾಲು ಅಭ್ಯಾಸಬಲದಿಂದ ಮೇಲೆದ್ದು ಮನೆಯ ಕಡೆಗೆ ತಿರುಗಿದ್ದನ್ನು ಅನಂತಮತಿಯಮ್ಮ ನೋಡಿದರು. ಆ ಕಾಲು ಸ್ವಲ್ಪ ಹೊತ್ತು ಗಾಳಿಯಲ್ಲೇ ಇದ್ದು, ಆಮೇಲೆ ಹಟ್ಟಿಯ ಕಡೆಗೇ ಊರಿತು.

ಭುಜಬಲಿ: ಕಕ್ಕಸಿಗೆ!

ಬಸ್ಸಿನಲ್ಲಿ ಕೂತವರಿಗೂ ಕೇಳಿಸುವಂತೆ ಕೂಗಿ, ತಿರುಗಿ ನೋಡದೆ ಹೋಗಿ ಬಾಗಿಲು ಹಾಕಿಕೊಂಡರು.

ವಿನೋದಾ: ಅಜ್ಜಿ, ಅಜ್ಜ ತಿರುಗಿ ಬರಲೇ ಇಲ್ಲ.

ಅನಂತಮತಿ: ಇಲ್ಲ.

ವಿನೋದಾ: ಬಿದ್ದರಾ?

ಅನಂತಮತಿ: ಬಿದ್ದರೆ ಸದ್ದು ಕೇಳಬೇಕಿತ್ತು. ಅಜ್ಜನ ಗಾತ್ರ ಸಣ್ಣದಲ್ಲ.

ನಾಲ್ಕು ಜನ ಹಿತ್ತಿಲ ಬಾಗಿಲಲ್ಲಿ ಕತ್ತು ಉದ್ದ ಮಾಡಿ ನಿಂತರು. ಕಮಲಾಕ್ಷನಿಗೆ ಉಳಿದ ಕಾರ್ಡುಗಳ ನೆನಪೇ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಪಡಿವಾಳರು ಹೋದ ಹಾಗೆಯೇ ಹೊರಗೆ ಬಂದರು. ವಿನೋದಾ ಅವರ ಕಾಲು ನೋಡಿದಳು, ಕೈ ನೋಡಿದಳು, ಸುತ್ತು ಬಂದು ಬೆನ್ನು ನೋಡಿದಳು. ಆಮೇಲೆ ಅಜ್ಜನ ಕೈಯಿಂದ ಚೆಂಬು ಕಿತ್ತುಕೊಂಡು, ಬಾವಿಕಟ್ಟೆಯಲ್ಲಿ ತುಂಬಿಸಿಕೊಂಡು ಹೊರಟಳು.

ಪ್ರಭಾವತಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಪಡಿವಾಳರು ಆಕಾಶ ನೋಡಿದರು. ಕಮಲಾಕ್ಷ ಮಾತ್ರ ತಡೆಯಲಾರದೆ ಹೋದ.

ಕಮಲಾಕ್ಷ: ಎಲ್ಲಿಗೆ ವಿನೋದಮ್ಮ?

ಪ್ರಭಾವತಿ ಅವನನ್ನು ಚೀಲಸಹಿತ ಬಾವಿಗೆ ಹಾಕುವವಳ ಹಾಗೆ ನೋಡಿದಳು. ಹಟ್ಟಿಯ ಹತ್ತಿರ ತಲುಪಿದ್ದ ವಿನೋದಾ ಒಮ್ಮೆ ನಿಂತಳು.

ವಿನೋದಾ: ಕಕ್ಕಸಿಗೆ!

ತಿರುಗಿ ನೋಡದೆ ಒಳಗೆ ಹೋದಳು.

ಬಸ್ಸು ಹೋಯಿತು. ಕರು ಎರಡು ಸಲ ಕೂಗಿತು. ಯಾರೂ ಕದಲಲಿಲ್ಲ. ಒಳಗಿನಿಂದ ಒಮ್ಮೆ ಅಳುವಿನಂಥ ನರಳಿಕೆ ಕೇಳಿತು. ಓಡಲು ಹೊರಟ ಪ್ರಭಾವತಿಯನ್ನು ಅನಂತಮತಿಯಮ್ಮ ರಟ್ಟೆ ಹಿಡಿದು ನಿಲ್ಲಿಸಿದರು. ತುಂಬ ಹೊತ್ತಿನ ಮೇಲೆ ವಿನೋದಾ ಹೊರಗೆ ಬಂದಳು. ಹಣೆಯಲ್ಲಿ ಬೆವರು, ಮುಖದಲ್ಲಿ ನಗು. ಯಾರಿಗೂ ಏನನ್ನೂ ಕೇಳಲು ಧೈರ್ಯವಿಲ್ಲ. ಅವಳು ಕೈಕಾಲು ತೊಳೆದುಕೊಂಡು ಅಡಿಗೆಮನೆಗೆ ನಡೆದಳು.

ವಿನೋದಾ: ಅಜ್ಜಿ, ಹಸಿವಾಗ್ತದೆ. ಗಂಜಿ ಹಾಕಿ. ತುಪ್ಪವೂ ಹಾಕಿ.

ಗಂಜಿ ಹಾಕಿಕೊಟ್ಟು, ಅನಂತಮತಿಯಮ್ಮ ಮಸಿಕೊಳ್ಳಿ ಹಿಡಿದು ಗೋಡೆಯ ಮೇಲೆ ಒಂದು ಸೊನ್ನೆ ಎಳೆದರು.

ಭುಜಬಲಿ: ಇಷ್ಟು ದೊಡ್ಡದು ಯಾಕೆ?

ಅನಂತಮತಿ: ಐದು ದಿವಸದ್ದು. ಸಣ್ಣದು ಹಾಕಿದರೆ ಮಗುವಿಗೆ ಮೋಸ ಆಗ್ತದೆ. ಅದಿರಲಿ, ಐದೂವರೆಗೇ ಆದವರು, ಎರಡನೇ ಸಲ ಹೋಗದವರು, ಇಷ್ಟು ಹೊತ್ತು ಒಳಗೆ ಕೂತು ಎಂತ ಮಾಡಿದಿರಿ?

ಭುಜಬಲಿ: ಬಾಗಿಲಿನ ಬಿಜಾಗರಿ ನೋಡ್ತಿದ್ದೆ. ಒಂದು ಸ್ಕ್ರೂ ಸಡಿಲ ಉಂಟು.

ಅನಂತಮತಿ: ಬಿಜಾಗರಿಯದ್ದಾ?

ಪಡಿವಾಳರು ಗಂಜಿಗೆ ಕೂತರು. ಅನಂತಮತಿಯಮ್ಮ ಅವರ ಗಂಜಿಗೂ ಒಂದು ಚಮಚ ತುಪ್ಪ ಹೆಚ್ಚೇ ಹಾಕಿದರು.

ಆ ದಿನದಿಂದ ಮನೆಯಲ್ಲಿ ಚೆಂಬು ಕಂಡರೆ ಎಲ್ಲರೂ ಬೇರೆ ಕಡೆ ನೋಡುವುದು ರೂಢಿಯಾಯಿತು. ಬೆಳಿಗ್ಗೆ ಎದ್ದಕೂಡಲೇ ಒಂದು ಲೋಟ ಬಿಸಿನೀರು, ಗಂಜಿಯ ಮೇಲೆ ತುಪ್ಪ, ಗಂಜಿಯಾದ ಮೇಲೆ ಅವಸರವಿಲ್ಲದೆ ಕೂತುಬರಲು ಹೊತ್ತು. ಅನಂತಮತಿಯಮ್ಮನ ಔಷಧ ಅಷ್ಟೇ. ಮೊದಮೊದಲು ಒಂದು ದಿನ ಬಿಟ್ಟು ಒಂದು ದಿನ, ಆಮೇಲೆ ದಿನವೂ, ಗೋಡೆಯಲ್ಲಿ ಸೊನ್ನೆಗಳು ಸಾಲಾದವು.

ತಿಂಗಳು ಕಳೆದು ಒಂದು ಬೆಳಿಗ್ಗೆ ಪಡಿವಾಳರು ಕೋಟು ಹಾಕಿ, ಕೊಡೆ ಹಿಡಿದು, ಬಂಟ್ವಾಳಕ್ಕೆಂದು ಮೆಟ್ಟಿಲಿಳಿದರು. ಬೇಲಿಯ ಆಚೆಯಿಂದ ಕಮಲಾಕ್ಷನ ಸ್ವರ ಬಂತು.

ಕಮಲಾಕ್ಷ: ಎಲ್ಲಿಗೆ ಧನಿಗಳೇ?

ಪಡಿವಾಳರು ಹಲ್ಲು ಕಚ್ಚಿ ತಿರುಗಿ ಬಂದರು. ಕೊಡೆ ಕಂಬಕ್ಕೆ ಒರಗಿಸಿ, ಬೆಂಚಿನಲ್ಲಿ ಕೂತು, ನೀರಿನ ಲೋಟ ಎತ್ತಿದರು. ಹಿತ್ತಿಲಿನಿಂದ ಖಾಲಿ ಚೆಂಬು ಆಡಿಸುತ್ತ ಕುಣಿದುಕೊಂಡು ಬಂದ ವಿನೋದಾ ಅವರನ್ನು ಕಂಡು ನಿಂತಳು. ಹತ್ತಿರ ಬಂದು, ಅಜ್ಜನ ಹೊಟ್ಟೆಯ ಮೇಲೆ ಮೆಲ್ಲನೆ ಕೈಯಿಟ್ಟು, ಮರುಕದಿಂದ ಕೇಳಿದಳು:

— ಪಾಪ, ನಿಮಗೆ ಇವತ್ತೂ ಆಗಲಿಲ್ಲವಾ ಅಜ್ಜಾ?