ಚಿಕ್ಕಪ್ಪನ ಕ್ಯಾಂಟನ್ ಕೋಟೆ

1847ರ ಏಪ್ರಿಲ್‌ನಲ್ಲಿ ಚೀನಾದ ಅಧಿಕಾರಿಗಳು ಬ್ರಿಟಿಷರಿಗೆ ಮಾತು ಕೊಟ್ಟರು: ಇನ್ನು ಎರಡು ವರ್ಷಕ್ಕೆ ಕ್ಯಾಂಟನ್ ಕೋಟೆಯೊಳಗೆ ಬಿಡುತ್ತೇವೆ. ಎರಡು ವರ್ಷ ಕಳೆಯಿತು; ಬಿಡಲಿಲ್ಲ. ಈ ಉಪಾಯವನ್ನು ಇಂದಿಗೂ ಕಾಪಾಡಿಕೊಂಡು ಬಂದಿರುವವರು ಜಗತ್ತಿನಲ್ಲಿ ಒಬ್ಬರೇ. ಡಚ್ಚರ ನಾಡಿನ ಲೈಡನ್‌ನಲ್ಲಿರುವ ನನ್ನ ಚಿಕ್ಕಪ್ಪ!

ಉಡುಪಿಯವರು. ಔಷಧ ಸಂಶೋಧನೆಯ ಕೆಲಸದಿಂದ ನಿವೃತ್ತರಾದ ಮೇಲೆ ಕ್ಯಾಂಟನ್ ಪ್ರವೇಶದ ಜಗಳದ ಬಗ್ಗೆ ಪುಸ್ತಕ ಬರೆಯಲು ಕೂತರು. ಕ್ಯಾಂಟನ್ನೇ ಯಾಕೆ? ಹಾಗೆಂದು ಕೇಳಿದವರೆಲ್ಲ ತಮ್ಮ ರೈಲು ತಪ್ಪಿಸಿಕೊಂಡಿದ್ದಾರೆ. ಮನೆಯ ಕೆಳ ಅಂತಸ್ತಿನಲ್ಲಿದ್ದ ಒಂದೇ ಕೋಣೆ ನಕ್ಷೆ, ಹಳೆಯ ಪತ್ರಗಳ ಪ್ರತಿಗಳಿಂದ ತುಂಬಿತು. ಚಿಕ್ಕಮ್ಮನಿಗೆ ಅಲ್ಲಿ ಪ್ರವೇಶವಿಲ್ಲ. ಕ್ಯಾಂಟನ್‌ನಲ್ಲಿ ವಿದೇಶಿಯರು ಕೋಟೆಯ ಹೊರಗೆ, ನದಿಯ ದಂಡೆಯಲ್ಲೇ ವ್ಯಾಪಾರ ಮಾಡಬೇಕಿತ್ತಂತೆ. ಹಾಗಾಗಿ ಚಹಾ, ತಿಂಡಿ, ಕನ್ನಡಕ ಎಲ್ಲವೂ ಹೊಸ್ತಿಲಲ್ಲೇ ಹಸ್ತಾಂತರ.

"ಒಂದು ಕಾಲದಲ್ಲಿ ಹೆಂಗಸರನ್ನು ಆ ದಂಡೆಗೂ ಬಿಡ್ತಿರ್ಲಿಲ್ಲ, ಗೊತ್ತುಂಟಾ?" ಎಂದರು ಚಿಕ್ಕಪ್ಪ ಒಮ್ಮೆ.

"ಹೌದಾ? ಹಾಗಾದ್ರೆ ಅಲ್ಲಿ ಅಡುಗೆ ಮಾಡ್ತಿದ್ದವ್ರನ್ನೇ ಕರೀರಿ ಇವತ್ತು," ಎಂದ ಚಿಕ್ಕಮ್ಮ ನೀರುದೋಸೆಯ ತಟ್ಟೆಯನ್ನು ವಾಪಸ್ ಒಯ್ದರು. ಆ ದಿನ ವ್ಯಾಪಾರ ಸ್ಥಗಿತ!

ಇನ್ನೊಮ್ಮೆ ಅವರು ಒಳಗೆ ಹೋಗಿ ಗುಡಿಸಿಬಿಟ್ಟರು. ಚಿಕ್ಕಪ್ಪ ಲಿಖಿತ ಪ್ರತಿಭಟನೆ ಸಲ್ಲಿಸಿದರು. ಚಿಕ್ಕಮ್ಮ ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ ಕೆಳಗೆ ಬರೆದರು: "ಓದಿದೆ. ಗುಡಿಸುವುದು ಮುಂದುವರಿಯುತ್ತದೆ."

ಹೀಗಿರುವಾಗ ಚಿಕ್ಕಮ್ಮನ ಮೊಣಕಾಲಿಗೆ ಆಪರೇಷನ್ ನಿಗದಿಯಾಯಿತು. ಆಮೇಲೆ ಆರು ವಾರ ಮೆಟ್ಟಿಲು ಹತ್ತುವಂತಿಲ್ಲ ಎಂದರು ಡಾಕ್ಟರು. ಇಲ್ಲಿನ ಮನೆಗಳ ಮೆಟ್ಟಿಲೋ, ಗೋಡೆಗೆ ಒರಗಿಸಿದ ಏಣಿ! ಮಲಗುವ ಕೋಣೆ ಮೇಲೆ. ಕೆಳಗಿರುವುದು ಕ್ಯಾಂಟನ್ ಮಾತ್ರ.

"ಪುಸ್ತಕ ಮುಗೀಲಿ ಮಾರಾಯ್ತಿ. ಎರಡು ವರ್ಷ."

"ಅಲ್ಲಿವರೆಗೆ ನಾನು ಬಾಗಿಲ ಬಳಿಯ ಸೈಕಲ್ ಪಕ್ಕದಲ್ಲಿ ಮಲಗುದಾ?"

ಸಂಧಾನಕ್ಕೆಂದು ನಾನು ದ ಹೇಗ್‌ನಿಂದ ಹೋದೆ. "ಚಿಕ್ಕಪ್ಪ, ಕೊನೆಗೆ ಕ್ಯಾಂಟನ್ ಕಥೆ ಏನಾಯ್ತು?"

"ಯುದ್ಧ," ಎಂದರು. ಕ್ಯಾಂಟನ್ ಬಗ್ಗೆ ಅವರು ಒಂದೇ ಪದದಲ್ಲಿ ಉತ್ತರಿಸಿದ್ದು ಅದೇ ಮೊದಲು.

ಆಪರೇಷನ್ ಮುಗಿದು ಚಿಕ್ಕಮ್ಮನನ್ನು ಟ್ಯಾಕ್ಸಿಯಲ್ಲಿ ನಾನೇ ಕರೆತಂದೆ. ನಡೆಯಲು ಆಸರೆಗೆ ಕೊಟ್ಟ ಗಾಲಿಯ ರೊಲಾಟರ್ ಹಿಡಿದು ನಿಧಾನವಾಗಿ ಬಂದವರು ಕೋಣೆಯ ಮುಂದೆ ನಿಂತುಬಿಟ್ಟರು. ಒಳಗೆ ಒಂದೂ ಕಾಗದವಿಲ್ಲ. ಕಿಟಕಿಯ ಪಕ್ಕ ಮಂಚ, ಒಗೆದ ಹೊದಿಕೆ. ಎಪ್ಪತ್ತೊಂದು ವರ್ಷದ ಚಿಕ್ಕಪ್ಪ ಕಾಗದ ತುಂಬಿದ ಡಬ್ಬಗಳನ್ನು ಒಂದೊಂದಾಗಿ ಅಟ್ಟಕ್ಕೆ ಹೊತ್ತಿದ್ದರು, ಅದೇ ಏಣಿ ಹತ್ತಿ.

"ಬಾಗಿಲೆಲ್ಲಿ?" ಎಂದರು ಚಿಕ್ಕಮ್ಮ. ಚೌಕಟ್ಟು ಖಾಲಿಯಿತ್ತು.

"ಕಳಚಿದೆ. ನಿನ್ನ ಗಾಡಿಗೆ ಎರಡು ಬೆರಳು ಜಾಗ ಸಾಲ್ತಿರ್ಲಿಲ್ಲ."

"ಪುಸ್ತಕ?"

"ಅದು ಕಾಯ್ತದೆ. ನೀನು ಬಾ."

ನಿನ್ನೆ ಸಂಜೆಯವರೆಗಿನ ವರದಿ: ಚಿಕ್ಕಮ್ಮ ಮಂಚದಿಂದ ಕಿಟಕಿಯವರೆಗೆ ಹನ್ನೆರಡು ಹೆಜ್ಜೆ ನಡೆದಿದ್ದಾರೆ. ಚಿಕ್ಕಪ್ಪ ಎರಡೂ ಕೈ ಚಾಚಿಕೊಂಡು, ಅವರ ಮುಂದೆ ಹಿಮ್ಮುಖವಾಗಿ ಹನ್ನೆರಡು ಹೆಜ್ಜೆ ನಡೆದಿದ್ದಾರೆ.